ತಿಮಿಂಗಿಲಗಳ ಗುರುತು ಹಿಡಿಯುವವರು

ಪ್ರಶ್ನೆ: ಫೋಟೊ ನೋಡಿ ತಿಮಿಂಗಿಲಗಳ ಗುರುತು ಹಿಡಿಯುವುದೂ ಒಂದು ಉದ್ಯೋಗವೇ?

ಹೌದು, ಜೀವಮಾನವಿಡೀ ಮಾಡುವಂಥದ್ದು. 1970ರ ದಶಕದಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಜೀವವಿಜ್ಞಾನಿ ಮೈಕೆಲ್ ಬಿಗ್ ಮತ್ತು ಸಂಗಡಿಗರು ಓರ್ಕಾ ಎಂಬ ತಿಮಿಂಗಿಲಗಳ ಫೋಟೊ ತೆಗೆಯುತ್ತ ಹೋದರು. ಬೆನ್ನಿನ ಈಜುರೆಕ್ಕೆಯ ಅಂಚಿನ ಕಚ್ಚು, ಅದರ ಹಿಂದಿನ ಬೂದು ಮಚ್ಚೆಯ ಆಕಾರ, ಮಚ್ಚೆಯ ಮೇಲಿನ ಗೀರು ಒಂದೊಂದು ಓರ್ಕಾಕ್ಕೂ ಬೇರೆ. ಪ್ರತಿಯೊಂದಕ್ಕೂ ಅಕ್ಷರ, ಸಂಖ್ಯೆ ಕೊಟ್ಟು ಎಣಿಸಿದಾಗ, ಸಾವಿರಾರು ಇವೆಯೆಂದು ಜನ ನಂಬಿದ್ದ ಓರ್ಕಾಗಳು ಕೆಲವೇ ನೂರು ಎಂದು ತಿಳಿಯಿತು! ಪ್ರದರ್ಶನಕ್ಕಾಗಿ ಅವನ್ನು ಹಿಡಿಯುವುದು ಅಲ್ಲಿ ನಿಂತದ್ದರಲ್ಲಿ ಈ ಎಣಿಕೆಯ ಪಾತ್ರ ದೊಡ್ಡದು.

ಈ ಉದ್ಯೋಗದಲ್ಲಿ ದೋಣಿಯಲ್ಲಿ ಕಳೆಯುವ ದಿನಗಳು ಕಡಿಮೆ. ಹೆಚ್ಚಿನ ಹೊತ್ತು ಕಂಪ್ಯೂಟರ್ ಮುಂದೆ, ಹೊಸ ಫೋಟೊವನ್ನು ಹಳೆಯದರ ಪಕ್ಕ ಇಟ್ಟು ತಾಳೆ ನೋಡುವ ಕೆಲಸ. ಹಂಪ್‌ಬ್ಯಾಕ್ ತಿಮಿಂಗಿಲಗಳಿಗೆ ಬಾಲದ ಅಡಿಭಾಗದ ಕಪ್ಪು-ಬಿಳುಪು ವಿನ್ಯಾಸವೇ ಗುರುತು. ಈಗ ಸಾಫ್ಟ್‌ವೇರ್ ನೆರವಿದೆ. ಆದರೂ ಪ್ರಾಣಿಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ ಕಲಿತವರಿಗೆ ಇಲ್ಲಿ ಹೆಚ್ಚು ಅನುಕೂಲ.