ಉಳವಿಯ ದಾರಿಯ ಹೆಣ್ಣುಮಕ್ಕಳು

ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿಯಲ್ಲಿ ಸಾಗುವವನಿಗೆ, ಕಿತ್ತೂರು ಇನ್ನೂ ಕೆಲವು ಹರದಾರಿ ದೂರವಿರುವಾಗಲೇ ಮಲಪ್ರಭೆಯ ಸೇತುವೆ ಎದುರಾಗುವುದು. ಊರಿನ ಹೆಸರು ಮುಗುಟಖಾನ ಹುಬ್ಬಳ್ಳಿ. ಬಸ್ಸಿನವರ ಬಾಯಲ್ಲಿ ಎಂ.ಕೆ. ಹುಬ್ಬಳ್ಳಿ. ಹಿಂದೆ ಬೈಲಹೊಂಗಲ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕಿತ್ತೂರಿನದು. ಅಲ್ಲಿ ನದಿಯ ಪಾತ್ರದಲ್ಲಿಯೇ, ಬಾವಿಯಂತೆ ಸುತ್ತಲೂ ಗೋಡೆಯೆತ್ತಿ ಕಟ್ಟಿದ ಆವರಣದೊಳಗೆ, ಮೆಟ್ಟಿಲಿಳಿದು ಕಾಣಬೇಕಾದ ಒಂದು ಐಕ್ಯಸ್ಥಳವುಂಟು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ನೋಡಿದವರಿಗೆ ಅದರ ತಂಗಿಯೇ ಇದೆಂದು ತೋರದಿರದು. ಇದು ಬಸವಣ್ಣನವರ ಮಡದಿ ಗಂಗಾಂಬಿಕೆಯದು.

ಕಲ್ಯಾಣದಲ್ಲಿ ಬಾಳಿದ ಮಂತ್ರಿಯ ಮಡದಿ, ಅಲ್ಲಿಂದ ಇಷ್ಟು ದೂರದ ಮಲಪ್ರಭೆಯ ನೀರಿನಲ್ಲಿ ಏಕೆ ಒಂದಾದಳು ಎಂಬ ಪ್ರಶ್ನೆಗೆ ಉತ್ತರವು ಕರ್ನಾಟಕದ ಧರ್ಮೇತಿಹಾಸದ ಅತ್ಯಂತ ದಾರುಣವಾದ ಅಧ್ಯಾಯದಲ್ಲಿದೆ. 1167ರ ಸುಮಾರಿನಲ್ಲಿ, ಶರಣರಾದ ಹರಳಯ್ಯ ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯ ನೆಪದಿಂದ ಹೊತ್ತಿಕೊಂಡ ಬೆಂಕಿಯಲ್ಲಿ ಕಲ್ಯಾಣದ ಅರಸ ಬಿಜ್ಜಳನು ಹತನಾಗಿ, ಶರಣಸಮುದಾಯವು ಕಲ್ಯಾಣವನ್ನು ತೊರೆದು ದಿಕ್ಕುದಿಕ್ಕಿಗೆ ಚದುರಿತು. ಅದರಲ್ಲಿ ದೊಡ್ಡದೊಂದು ಗುಂಪು ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣನ ನೇತೃತ್ವದಲ್ಲಿ ಪಶ್ಚಿಮಾಭಿಮುಖವಾಗಿ ಹೊರಟು, ಬೆನ್ನಟ್ಟಿ ಬಂದ ಸೈನ್ಯದೊಡನೆ ಹೋರಾಡುತ್ತ, ಇಂದಿನ ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಸೀಮೆಯನ್ನು ಹಾದು, ಉತ್ತರ ಕನ್ನಡದ ದಟ್ಟಡವಿಯ ಉಳವಿಯನ್ನು ಸೇರಿತೆಂದು ಪರಂಪರೆ ಹೇಳುತ್ತದೆ. ಕಿತ್ತೂರಿನ ಬಳಿಯ ಕಾದರವಳ್ಳಿಯಲ್ಲಿ ದೊಡ್ಡ ಕಾಳಗವಾಯಿತಂತೆ. ‘ಕಾದಿದ ಹಳ್ಳಿಯೇ ಕಾದ್ರೊಳ್ಳಿ’ ಎಂದು ಅಲ್ಲಿಯವರು ಹೆಸರನ್ನು ಬಿಡಿಸಿ ಹೇಳುವುದೂ ಉಂಟು. ಊರ ಹೆಸರುಗಳನ್ನು ಬಿಡಿಸುವುದರಲ್ಲಿ ನಮ್ಮ ಜನರಿಗಿರುವ ಉತ್ಸಾಹವನ್ನು ಬಲ್ಲವರು ಇದನ್ನು ನಸುನಕ್ಕು ಕೇಳಬೇಕು. ಆ ಗುಂಪಿನಲ್ಲಿದ್ದ ಶರಣ ಮಡಿವಾಳ ಮಾಚಯ್ಯನ ನೆನಪನ್ನು ಮುರಗೋಡದ ಆಸುಪಾಸಿನವರೂ ರಾಮದುರ್ಗ ಸೀಮೆಯ ಗೊಡಚಿಯವರೂ ತಮ್ಮದೆಂದು ಹಿಡಿದಿದ್ದಾರೆ. ಡೋಹರ ಕಕ್ಕಯ್ಯನದನ್ನು ಖಾನಾಪುರದ ಕಕ್ಕೇರಿ ಉಳಿಸಿಕೊಂಡಿದೆ. ಗಂಡಸರ ಹೆಸರುಗಳು ಹೀಗೆ ದಾರಿಯುದ್ದಕ್ಕೂ ದೇಗುಲಗಳಾಗಿ ನಿಂತಿವೆ. ಆ ಗುಂಪಿನಲ್ಲಿದ್ದ ಹೆಣ್ಣುಮಕ್ಕಳ ಗತಿಯೇನಾಯಿತು, ಆ ಸಮುದಾಯದಲ್ಲಿ ಅವರ ಬಾಳು ಎಂತಹುದಾಗಿತ್ತು ಎಂಬುದು ನನ್ನ ವಿಷಯ.

ಹೊಸ ಧರ್ಮವೊಂದು ಹುಟ್ಟುವುದು, ಅದರ ಗುರುವಿನ ಕಾಲ ಸಂಕ್ಷೋಭೆಯಲ್ಲಿ ಮುಗಿಯುವುದು, ಅನುಯಾಯಿಗಳು ಹೆಂಡಿರುಮಕ್ಕಳೊಡನೆ ಊರು ಬಿಡುವುದು—ಇದು ನಮ್ಮ ನಾಡಿಗೆ ಮಾತ್ರ ಮೀಸಲಾದ ಕಥೆಯಲ್ಲ. ಅಮೇರಿಕೆಯಲ್ಲಿ ಜೋಸೆಫ್ ಸ್ಮಿತ್ 1830ರಲ್ಲಿ ಸ್ಥಾಪಿಸಿದ ಮಾರ್ಮನ್ ಸಂಪ್ರದಾಯವು ಇದಕ್ಕೆ ವಿಸ್ಮಯಕರವಾದ ಸಾದೃಶ್ಯವನ್ನೊದಗಿಸುತ್ತದೆ. 1844ರಲ್ಲಿ ಸೆರೆಮನೆಗೆ ನುಗ್ಗಿದ ಜನರ ಗುಂಡಿಗೆ ಸ್ಮಿತ್ ಬಲಿಯಾದ ಮೇಲೆ, 1846ರಲ್ಲಿ ಆ ಜನ ತಾವು ಕಟ್ಟಿದ ‘ನಾವೂ’ ಎಂಬ ಪಟ್ಟಣವನ್ನು ಬಿಟ್ಟು, ಎತ್ತಿನ ಬಂಡಿಗಳಲ್ಲಿ ಎರಡು ಸಾವಿರ ಕಿಲೋಮೀಟರಿನಷ್ಟು ನಡೆದು ಯೂಟಾದ ಉಪ್ಪುಸರೋವರದ ಕಣಿವೆಯನ್ನು ಸೇರಿದರು. ಮುಂದೆ 1856ರಲ್ಲಿ ಬಂಡಿಗೂ ಗತಿಯಿಲ್ಲದವರು ಕೈಗಾಡಿಗಳನ್ನು ತಾವೇ ಎಳೆದುಕೊಂಡು ಹೋದರು. ಅವರಲ್ಲಿ ಬಹುಪತ್ನೀತ್ವವು ಧರ್ಮದ ವಿಧಿಯಾಗಿತ್ತು. 1852ರಲ್ಲಿ ಬಹಿರಂಗವಾಗಿ ಸಾರಿದ ಈ ವಿಧಿಯನ್ನು 1890ರಲ್ಲಿ ಕೈಬಿಟ್ಟರು. ಹೊರಗಿನವರು ಆ ಹೆಂಗಸರನ್ನು ಗುಲಾಮರೆಂದು ಮರುಗುತ್ತಿದ್ದ ಕಾಲದಲ್ಲಿಯೇ, 1870ರಲ್ಲಿ ಅವರಿಗೆ ಮತದಾನದ ಹಕ್ಕು ಬಂದಿತು. 1872ರಿಂದ ಅವರದೇ ಒಂದು ಪತ್ರಿಕೆ ನಡೆಯಿತು. ಬಹುಪತ್ನೀತ್ವವನ್ನು ಹತ್ತಿಕ್ಕಹೊರಟ ಅಮೇರಿಕೆಯ ಸಂಸತ್ತು 1887ರಲ್ಲಿ ಅದೇ ಹೆಂಗಸರ ಮತವನ್ನು ಕಿತ್ತುಕೊಂಡಿತು. ಉದ್ಧಾರಕರ ಕೈಯಲ್ಲಿ ಉದ್ಧೃತರಿಗೆ ಒದಗುವ ಗತಿ ಕೆಲವೊಮ್ಮೆ ಹೀಗೂ ಇರುವುದು.

ಆ ಸ್ತ್ರೀಯರ ದಿನಚರಿಗಳಿವೆ, ಕಾಗದಗಳಿವೆ, ಸಭೆಯ ನಡವಳಿಕೆಗಳಿವೆ. ನಮ್ಮ ಶರಣೆಯರಿಗೆ ಅಂತಹ ದಾಖಲೆಗಳಿಲ್ಲ. ಉಳವಿಯ ಪ್ರಯಾಣವನ್ನು ವಿಸ್ತರಿಸುವ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವು ರಚಿತವಾದುದೇ ನಾಲ್ಕು ಶತಮಾನಗಳ ಅನಂತರ. ಆದರೆ ಮಾರ್ಮನ್ನರಲ್ಲಿ ಕಾಣದ ಮತ್ತೊಂದು ಸಂಪತ್ತು ನಮ್ಮಲ್ಲುಂಟು: ಸುಮಾರು ಮೂವತ್ತಮೂರು ಮಂದಿ ಸ್ತ್ರೀಯರು ತಮ್ಮ ತಮ್ಮ ಅಂಕಿತವನ್ನಿಟ್ಟು ನುಡಿದ ವಚನಗಳು. ವಕೀಲಿಯನ್ನು ಬದಿಗಿಟ್ಟು ತಾಳೆಗರಿಗಳ ಬೆನ್ನುಹತ್ತಿದ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸದಿದ್ದರೆ, ಇವುಗಳಲ್ಲಿ ಎಷ್ಟು ನಮ್ಮ ಕೈಸೇರುತ್ತಿದ್ದವೋ ಬಲ್ಲವರಾರು!

ಈ ಹೆಂಗಸರ ಹೆಸರುಗಳನ್ನು ಓದುತ್ತ ಹೋದರೆ ಒಂದು ಕೇರಿಯ ಬೆಳಗು ಕಣ್ಣೆದುರು ತೆರೆಯುತ್ತದೆ. ಕದಿರ ರೆಮ್ಮವ್ವೆ ನೂಲುವವಳು. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು. ಸತ್ಯಕ್ಕ ಅಂಗಳ ಗುಡಿಸುವವಳು. ಆಯ್ದಕ್ಕಿ ಲಕ್ಕಮ್ಮನ ಗಂಡ ಚೆಲ್ಲಿದ ಅಕ್ಕಿಯನ್ನಾಯ್ದು ತರುವವನು, ಅವಳು ಅದನ್ನು ಬೇಯಿಸಿ ಜಂಗಮರಿಗೆ ಬಡಿಸುವವಳು. ಕಾಯಕ ಮತ್ತು ದಾಸೋಹ ಎಂಬ ಎರಡು ಪದಗಳನ್ನು ನಾವು ಇಂದು ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಆದರೆ ದಿನವೂ ಬಂದುಂಡು ಹೋಗುತ್ತಿದ್ದ ಜಂಗಮರ ಪಂಕ್ತಿಗೆ ಬೀಸುವ ಕಲ್ಲು ಎಷ್ಟು ಸುತ್ತು ತಿರುಗಿತು, ಒನಕೆ ಎಷ್ಟು ಬಾರಿ ಏರಿಳಿಯಿತು ಎಂದು ಲೆಕ್ಕವಿಟ್ಟವರಿಲ್ಲ. ದಾಸೋಹದ ಕೀರ್ತಿ ಬಸವಣ್ಣನವರ ಮಹಾಮನೆಗೆ ಸಂದಿತು. ಅದರ ಹೊಗೆ ಅಡುಗೆಮನೆಯಲ್ಲಿದ್ದವರ ಕಣ್ಣಿಗೆ ಸಂದಿತು.

ಹಾಗೆಂದು ಹೊಸ ಧರ್ಮವು ಅವರಿಗೆ ಏನನ್ನೂ ಕೊಡಲಿಲ್ಲವೆಂದರೆ ಅದು ಕೃತಘ್ನತೆಯಾದೀತು. ಇಷ್ಟಲಿಂಗವನ್ನು ಹೆಣ್ಣು ತನ್ನ ಮೈಮೇಲೆಯೇ ಧರಿಸಿದಳು, ತನ್ನ ಅಂಗೈಯಲ್ಲಿಯೇ ಪೂಜಿಸಿದಳು. ನಡುವೆ ಪೂಜಾರಿಯಿಲ್ಲ, ಗಂಡನ ಮುಖಾಂತರ ಸಲ್ಲುವ ಪುಣ್ಯವಿಲ್ಲ. ಮುಟ್ಟು, ಹೆರಿಗೆ, ಸಾವುಗಳ ಸೂತಕವನ್ನು ಲಿಂಗವಂತರಿಗೆ ಇಲ್ಲವೆಂದು ಸಾರಿದುದರ ಬೆಲೆಯನ್ನು, ತಿಂಗಳಿಗೆ ಮೂರು ದಿನ ಹೊರಗೆ ಕುಳಿತ ನಮ್ಮ ಅಜ್ಜಿಯರನ್ನು ಕೇಳಬೇಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನಾಯ್ದು ತಂದಾಗ, ಇದು ಆಸೆಯೆಂದು ಗದರಿಸಿ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದವಳು ಲಕ್ಕಮ್ಮ. ಕೆಲಸವೇನೂ ಕಡಿಮೆಯಾಗಲಿಲ್ಲ, ಆ ಕೆಲಸದ ಧರ್ಮಾಧರ್ಮಗಳನ್ನು ನಿರ್ಣಯಿಸುವ ಅಧಿಕಾರ ಅವಳಿಗೆ ಬಂದಿತು. ನನಗೆ ತೋರುವ ಮಟ್ಟಿಗೆ, ಆ ಚಳವಳಿ ಹೆಣ್ಣಿಗೆ ಕೊಟ್ಟದ್ದು ವಿಶ್ರಾಂತಿಯನ್ನಲ್ಲ, ಮಾತನ್ನು.

ಆ ಮಾತಿನ ಕೆಳಗೆ ಇಟ್ಟ ಅಂಕಿತಗಳನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’: ದೇವರಿಗಿಂತ ಮೊದಲು ಗಂಡನ ಹೆಸರು. ಕಾಳವ್ವೆಯದು ‘ಉರಿಲಿಂಗಪೆದ್ದಿಗಳರಸ’: ಅಲ್ಲಿಯೂ ಗಂಡನೇ. ಮುಕ್ತಾಯಕ್ಕ ತನ್ನ ಅಣ್ಣ ಅಜಗಣ್ಣನನ್ನೇ ಅಂಕಿತ ಮಾಡಿಕೊಂಡಳು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ನಲ್ಲಿ ತಮ್ಮನಿದ್ದಾನೆ. ಇಷ್ಟನ್ನೇ ಕಂಡು, ದೇವರ ಬಳಿಗೂ ಇವರು ಗಂಡಸಿನ ಕೈಹಿಡಿದೇ ಹೋದರೆಂದು ತೀರ್ಪು ಕೊಡಹೊರಟವರನ್ನು ನೂಲುವ ರೆಮ್ಮವ್ವೆ ತಡೆಯುತ್ತಾಳೆ. ಅವಳ ದೇವರು ‘ಕದಿರರೆಮ್ಮಿಯೊಡೆಯ ಗುಮ್ಮೇಶ್ವರ’. ತನ್ನ ಹೆಸರು, ತನ್ನ ಕದಿರು, ಆಮೇಲೆ ದೇವರು! ಸೂಳೆ ಸಂಕವ್ವೆ ತನ್ನ ದೇವರನ್ನು ‘ನಿರ್ಲಜ್ಜೇಶ್ವರ’ನೆಂದು ಕರೆದಳು. ಇಡೀ ಊರು ತನ್ನ ಮೇಲೆ ಹೊರಿಸಿದ ಬಿರುದನ್ನು ದೇವರಿಗೇ ತೊಡಿಸಿದ ಈ ದಿಟ್ಟತನಕ್ಕೆ ಸಮನಾದುದು ನಮ್ಮ ಸಾಹಿತ್ಯದಲ್ಲಿ ಬಹಳವಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದ ಸೀಮೆಯಲ್ಲಿ ಕುಳಿತು ಈ ಅಂಕಿತವನ್ನು ಓದುವವನಿಗೆ ಮನಸ್ಸು ಭಾರವಾಗದಿರದು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿಯನ್ನು ಮುಂಬಯಿ ಸರ್ಕಾರ 1934ರಲ್ಲಿ ನಿಷೇಧಿಸಿದ ಮೇಲೆಯೂ, 1982ರಲ್ಲಿ ಕರ್ನಾಟಕವು ಮತ್ತೊಮ್ಮೆ ಕಾಯಿದೆ ಮಾಡಬೇಕಾಗಿ ಬಂದಿತು.

ಗಂಗಾಂಬಿಕೆಯ ಅಂಕಿತವೂ ವಿಚಾರಾರ್ಹವಾದುದು. ‘ಗಂಗಾಪ್ರಿಯ ಕೂಡಲಸಂಗಮದೇವ’ ಎಂಬಲ್ಲಿ ದೇವರು ಗಂಡನದು, ಹೆಸರು ತನ್ನದು. ಅವಳು ಬಲದೇವ ಮಂತ್ರಿಯ ಮಗಳೆಂದೂ, ಅವಳೊಡನೆ ನೀಲಾಂಬಿಕೆಯೂ ಬಸವಣ್ಣನವರ ಕೈಹಿಡಿದಳೆಂದೂ ಪುರಾಣಗಳು ಹೇಳುತ್ತವೆ. ಇಬ್ಬರು ಮಡದಿಯರ ಈ ಸಂಸಾರವನ್ನು ಕುರಿತು ಭಕ್ತರು ಸಾಮಾನ್ಯವಾಗಿ ಬಾಯಿ ಬಿಗಿಹಿಡಿಯುತ್ತಾರೆ, ಗಂಗಾಂಬಿಕೆ ಹಿಡಿಯಲಿಲ್ಲ. ಉಳಿದುಬಂದಿರುವ ಅವಳ ಕೆಲವೇ ವಚನಗಳಲ್ಲಿ ಒಂದು, ಸವತಿಯ ಮಗು ಇದು, ನಿನ್ನ ಮಗು ಅದು ಎಂದು ಒಡೆಯರೇ ಬೇರೆ ಬೇರೆಯಾಗಿ ಎಣಿಸಿದ ಸಂದರ್ಭವನ್ನು ಎತ್ತಿಕೊಂಡು ನುಡಿಯುತ್ತದೆ. ಮಹಾಪುರುಷನ ಮನೆಯಲ್ಲಿಯೂ ನಡುಮನೆಯ ನೋವು ನಡುಮನೆಯ ನೋವೇ. ಯೂಟಾದ ಮನೆಗಳಲ್ಲಿ ಎರಡನೆಯ, ಮೂರನೆಯ ಹೆಂಡತಿಯರಾಗಿ ಬಾಳಿದವರು ಈ ಮಾತನ್ನು ಅರ್ಥೈಸಿಕೊಳ್ಳಲು ಯಾವ ವ್ಯಾಖ್ಯಾನವನ್ನೂ ಬೇಡುತ್ತಿರಲಿಲ್ಲ. ಒಂದು ವ್ಯತ್ಯಾಸವನ್ನಂತೂ ಹೇಳಲೇಬೇಕು: ಮಾರ್ಮನ್ನರು ಬಹುಪತ್ನೀತ್ವವನ್ನು ಮೋಕ್ಷದ ಮೆಟ್ಟಿಲೆಂದರು, ಶರಣರಲ್ಲಿ ಅದು ಧರ್ಮದ ಆಜ್ಞೆಯಾಗಿರಲಿಲ್ಲ, ಕಾಲದ ರೂಢಿಯಾಗಿತ್ತು.

ಆ ರೂಢಿ ಈ ಸೀಮೆಯಲ್ಲಿ ಬಹುಕಾಲ ಬಾಳಿತು. ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಹಿರಿಯ ರಾಣಿ ರುದ್ರಮ್ಮ. ಕಿರಿಯಳಾಗಿ ಬಂದವಳು ಕಾಕತಿಯ ಚೆನ್ನಮ್ಮ. ಅವರದು ಲಿಂಗವಂತರ ಮನೆತನವೇ. 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನೆದುರಿಸಿದ ಚೆನ್ನಮ್ಮ ಕಾಯ್ದುಕೊಳ್ಳಹೊರಟದ್ದು ತನ್ನ ಹೊಟ್ಟೆಯ ಮಗನ ಹಕ್ಕನ್ನಲ್ಲ. ಸವತಿಯ ಮಗನು ಸಾಯುವ ಮುನ್ನ ದತ್ತು ತೆಗೆದುಕೊಂಡ ಹುಡುಗನ ಹಕ್ಕನ್ನು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಅವಳು ತೀರಿಕೊಂಡಳು. ಸಮಾಧಿಯೂ ಅಲ್ಲಿಯೇ ಇದೆ. ಒಬ್ಬನಿಗೆ ಒಬ್ಬಳೇ ಹೆಂಡತಿಯೆಂಬ ಕಟ್ಟಳೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಊರುಗಳಿಗೆ ಬಂದುದು 1946ರ ಕಾಯಿದೆಯಿಂದ. ರಾಮದುರ್ಗವು ಆಗಿನ್ನೂ ಬೇರೊಂದು ಸಂಸ್ಥಾನ.

ಮತ್ತೆ ದಾರಿಗೆ ಬರೋಣ. ಸೈನ್ಯ ಬೆನ್ನಟ್ಟಿರುವಾಗ ಸಂಸಾರಸಮೇತ ನಡೆಯುವ ಗುಂಪಿನ ವೇಗವನ್ನು ಅದರ ವೀರರು ನಿರ್ಧರಿಸುವುದಿಲ್ಲ. ಬಸಿರಿಯರು, ಕೂಸಿನ ತಾಯಂದಿರು, ಮುದುಕಿಯರು ನಿರ್ಧರಿಸುತ್ತಾರೆ. ಅವರು ಕಟ್ಟಿಕೊಂಡ ಬುತ್ತಿ ಎಷ್ಟು ದಿನ ಬಂದಿತು, ಯಾವ ಊರಿನವರು ಬಾಗಿಲು ತೆರೆದರು, ಯಾವ ಊರಿನವರು ಮುಚ್ಚಿಕೊಂಡರು ಎಂಬುದನ್ನು ಯಾವ ಪುರಾಣಕಾರನೂ ಬರೆಯಲಿಲ್ಲ. ವಚನದ ಕಟ್ಟುಗಳನ್ನು ಹೊತ್ತು ತಂದ ಸಾಹಸವನ್ನು ನಾವು ಕೊಂಡಾಡುತ್ತೇವೆ, ಅದು ಯೋಗ್ಯವೇ. ಆದರೆ ಕಟ್ಟನ್ನು ಹೊತ್ತವರಿಗೂ ಸಂಜೆಯ ಹೊತ್ತಿಗೆ ಯಾರೋ ಮೂರು ಕಲ್ಲು ಹೂಡಿ ಒಲೆ ಹಚ್ಚಿರಲೇಬೇಕು. ಕಾದರವಳ್ಳಿಯ ಕಾಳಗದ ಸುತ್ತಿನಲ್ಲಿಯೇ ಗಂಗಾಂಬಿಕೆ ಮಲಪ್ರಭೆಯ ಮಡಿಲಲ್ಲಿ ಐಕ್ಯಳಾದಳೆಂದು ಸ್ಥಳದ ಪ್ರತೀತಿ. ಕಣಕುಂಬಿಯಲ್ಲಿ ಹುಟ್ಟುವ ಆ ನದಿ ಮುಗುಟಖಾನ ಹುಬ್ಬಳ್ಳಿಯನ್ನೂ ಕಾದರವಳ್ಳಿಯನ್ನೂ ಹಾದು, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ರಾಮದುರ್ಗದ ಬದಿಯಿಂದ ಹರಿದು, ಕಡೆಗೆ ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ. ಇದನ್ನು ಭಕ್ತರು ದೈವಸಂಕಲ್ಪವೆನ್ನುತ್ತಾರೆ. ಭೂಗೋಳದ ಮೇಷ್ಟರು ಇಳಿಜಾರೆನ್ನುತ್ತಾರೆ. ನನಗೆ ಇಬ್ಬರ ಮೇಲೂ ತಕರಾರಿಲ್ಲ.

ನೀಲಾಂಬಿಕೆ ಈ ದಾರಿಗೆ ಬರಲಿಲ್ಲ. ಸಂಗಮಕ್ಕೆ ಹೋದ ಬಸವಣ್ಣನವರು ಶರಣ ಹಡಪದ ಅಪ್ಪಣ್ಣನ ಮೂಲಕ ಅವಳಿಗೆ ಹೇಳಿಕಳುಹಿಸಿದರಂತೆ. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂಬರ್ಥದ ಪ್ರಶ್ನೆಯನ್ನೆತ್ತಿದ ಅವಳು, ಕೃಷ್ಣೆಯ ದಡದ ತಂಗಡಗಿಯಲ್ಲಿಯೇ ಐಕ್ಯಳಾದಳೆಂದು ಪ್ರತೀತಿ. ಅವಳ ನೂರಕ್ಕೂ ಹೆಚ್ಚು ವಚನಗಳ ಅಂಕಿತದಲ್ಲಿ ಗಂಡನ ಹೆಸರೂ ಇಲ್ಲ, ತನ್ನ ಹೆಸರೂ ಇಲ್ಲ, ಬರಿಯ ‘ಸಂಗಯ್ಯ’.

ಉಳವಿಯವರೆಗೆ ನಡೆದವಳು ಅಕ್ಕನಾಗಮ್ಮ, ಮೇಲೆ ಹೇಳಿದ ನಾಗಲಾಂಬಿಕೆಯೇ. ಬಸವಣ್ಣನವರನ್ನು ಎತ್ತಿ ಆಡಿಸಿದ ಅಕ್ಕ, ಚೆನ್ನಬಸವಣ್ಣನ ತಾಯಿ. ತಮ್ಮನು ಸಂಗಮದಲ್ಲಿ ಹೋದನು, ನಾದಿನಿಯರಿಬ್ಬರು ಎರಡು ನದಿಗಳಲ್ಲಿ ಹೋದರು, ಕಡೆಗೆ ಉಳವಿಯ ಕಾಡಿನಲ್ಲಿ ಮಗನೂ ಲಿಂಗೈಕ್ಯನಾದನು. ಉಳವಿಯ ಜಾತ್ರೆ ಇಂದಿಗೂ ಮಗನ ಹೆಸರಿನದು. ಬೈಲಹೊಂಗಲ ಕಿತ್ತೂರುಗಳ ಕಡೆಯಿಂದ ಚಕ್ಕಡಿ ಹೂಡಿಕೊಂಡು ಹೋಗುವ ರೈತರು ‘ಹರಹರ ಮಹಾದೇವ’ ಎಂದು ನೆನೆಯುವುದು ಚೆನ್ನಬಸವಣ್ಣನನ್ನು. ತಾಯಿ ಮಾತ್ರ ಅಲ್ಲಿ ನಿಲ್ಲಲಿಲ್ಲವೆಂದು ಪರಂಪರೆ ಹೇಳುತ್ತದೆ: ಉಳಿದವರನ್ನು ಕೂಡಿಕೊಂಡು, ಆ ವಯಸ್ಸಿನಲ್ಲಿ, ಮಲೆನಾಡಿನ ಸೆರಗು ಹಿಡಿದು ಅವಳು ಮತ್ತೆ ದಕ್ಷಿಣಕ್ಕೆ ನಡೆದಳು, ತರೀಕೆರೆಯ ಬಳಿಯ ಎಣ್ಣೆಹೊಳೆಯವರೆಗೆ.