ಉಪವಾಸದ ಅಪ್ಪಣೆಯನ್ನು ಕೊಡುವ ಗುಳಿಗೆ

ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲಿನೊಡನೆ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಹೆಸರನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ರಕ್ತದಲ್ಲಿ ಸಂಚರಿಸುವ ಕೊಬ್ಬು ಅದು. ಅದು ಮಿತಿಮೀರಿದಾಗ ವೈದ್ಯರು ಫೆನೋಫೈಬ್ರೇಟ್ ಎಂಬ ಗುಳಿಗೆಯನ್ನು ಬರೆದುಕೊಡುವುದುಂಟು. ಗುಳಿಗೆಯೇ ಕೊಬ್ಬನ್ನು ಕರಗಿಸುತ್ತದೆಂಬ ಭಾವನೆ ಜನರಲ್ಲಿದೆ. ಅದರ ಕಾರ್ಯವಿಧಾನವಾದರೋ ಬೇರೆ.

ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ವಂಶವಾಹಿಗಳಿರುವುವಷ್ಟೆ. ಯಾವ ಕಾಲಕ್ಕೆ ಯಾವ ವಂಶವಾಹಿ ಕೆಲಸಮಾಡಬೇಕೆಂಬುದನ್ನು ನಿಯಮಿಸುವ ಕೆಲವು ಪ್ರೋಟೀನುಗಳಿಗೆ ಕೋಶಕೇಂದ್ರದ ಗ್ರಾಹಿಗಳೆಂದು ಹೆಸರು. ಪಿ.ಪಿ.ಎ.ಆರ್. ಆಲ್ಫಾ ಎಂಬುದು ಅವುಗಳಲ್ಲೊಂದು. ಔಷಧದ ಅಂಶವು ಇದಕ್ಕೆ ಅಂಟಿಕೊಂಡಾಗ ಇದು ಮತ್ತೊಂದು ಗ್ರಾಹಿಯೊಡಗೂಡಿ ವಂಶವಾಹಿಗಳನ್ನು ಪ್ರೇರಿಸಿ, ಕೊಬ್ಬನ್ನು ಉರಿಸುವ ಕಿಣ್ವಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಗುಳಿಗೆಯು ಮಾಡುವುದು ಆಜ್ಞಾಪತ್ರಕ್ಕೆ ರುಜು ಹಾಕಿಸುವ ಕೆಲಸ, ದುಡಿಮೆಯೆಲ್ಲ ಕಿಣ್ವಗಳದು.

ಈ ಗ್ರಾಹಿ ಔಷಧಕ್ಕಾಗಿ ಹುಟ್ಟಿದ್ದಲ್ಲ. ಏಕಾದಶಿಯ ನಿರಾಹಾರದಲ್ಲಿ ದೇಹವು ತನ್ನ ಕೊಬ್ಬಿನ ದಾಸ್ತಾನನ್ನು ಬಿಚ್ಚಿದಾಗ ಹೊರಬರುವ ಮೇದಾಮ್ಲಗಳು ಯಕೃತ್ತನ್ನು ಸೇರಿ ಇದನ್ನೇ ಎಚ್ಚರಿಸುತ್ತವೆ. ಉಂಡವನ ಯಕೃತ್ತಿಗೂ ಉಪವಾಸದ ಅಪ್ಪಣೆಯನ್ನು ಕೊಡುವ ಉಪಾಯವೇ ಫೈಬ್ರೇಟ್ ಎನ್ನಬಹುದು. (ಗುಳಿಗೆ ನುಂಗಿದವನಿಗೆ ಏಕಾದಶಿಯ ಪುಣ್ಯ ಬರುವುದೆಂದು ಯಾರೂ ತಿಳಿಯಬೇಕಾಗಿಲ್ಲ!)

ಸೋಜಿಗವೆಂದರೆ, ಈ ವರ್ಗದ ಕ್ಲೋಫೈಬ್ರೇಟ್ 1960ರ ದಶಕದಲ್ಲಿಯೇ ಬಳಕೆಗೆ ಬಂದಿದ್ದರೂ ಅದರ ಗ್ರಾಹಿಯನ್ನು ಇಸೆಮನ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಪತ್ತೆಹಚ್ಚಿದ್ದು 1990ರಲ್ಲಿ. ಅಷ್ಟರೊಳಗೆ ಕಹಿಯಾದ ಅನುಭವವೊಂದು ಆಗಿಹೋಗಿತ್ತು. ಎಡಿನ್‌ಬರೋ, ಬುಡಾಪೆಸ್ಟ್, ಪ್ರಾಗ್ ನಗರಗಳ ಸುಮಾರು 15,000 ಗಂಡಸರಲ್ಲಿ ನಡೆಸಿದ ಪರೀಕ್ಷೆಯ ಫಲವು 1978ರಲ್ಲಿ ಪ್ರಕಟವಾಯಿತು. ಕ್ಲೋಫೈಬ್ರೇಟ್ ಸೇವಿಸಿದವರಲ್ಲಿ ಕೊಲೆಸ್ಟರಾಲ್ ಇಳಿದಿತ್ತು, ಮಾರಕವಲ್ಲದ ಹೃದಯಾಘಾತಗಳೂ ಕಡಿಮೆಯಾಗಿದ್ದುವು. ಆದರೆ ಒಟ್ಟು ಸಾವುಗಳು ಹೆಚ್ಚಾಗಿದ್ದುವು!

ಮುಂದೆ ಇದೇ ಗ್ರಾಹಿಯನ್ನೇ ಗುರಿಯಿಟ್ಟು ಪೆಮಾಫೈಬ್ರೇಟನ್ನು ತಯಾರಿಸಿದರು. ಮಧುಮೇಹವುಳ್ಳ 10,000ಕ್ಕೂ ಹೆಚ್ಚು ಮಂದಿಯಲ್ಲಿ ಅದನ್ನು ಪರೀಕ್ಷಿಸಿ 2022ರಲ್ಲಿ ಫಲವನ್ನು ಪ್ರಕಟಿಸಲಾಯಿತು. ಅವರಲ್ಲಿ ಬಹುಪಾಲು ಜನರು ಮೊದಲೇ ಸ್ಟ್ಯಾಟಿನ್ ಸೇವಿಸುತ್ತಿದ್ದವರು. ಟ್ರೈಗ್ಲಿಸರೈಡ್ ಸುಮಾರು ಕಾಲುಭಾಗ ಇಳಿಯಿತು. ಹೃದಯಾಘಾತ, ಪಾರ್ಶ್ವವಾಯುಗಳು ಇಳಿಯಲಿಲ್ಲ.

ಆದಕಾರಣ ವರದಿಯ ಅಂಕಿ ತಗ್ಗಿದ ಮಾತ್ರಕ್ಕೆ ಹೃದಯದ ಅಪಾಯ ತಗ್ಗಿತೆಂದು ನೆಚ್ಚುವಂತಿಲ್ಲ. ಯಕೃತ್ತಿನಲ್ಲಿ ಕೊಲೆಸ್ಟರಾಲನ್ನು ತಯಾರಿಸುವ ಕಿಣ್ವವನ್ನು ತಡೆಯುವ ಸ್ಟ್ಯಾಟಿನ್ ಹೃದಯಾಘಾತವನ್ನು ತಗ್ಗಿಸುತ್ತದೆಂಬುದು ಅನೇಕ ಪರೀಕ್ಷೆಗಳಲ್ಲಿ ಸಿದ್ಧಪಟ್ಟಿದೆ. ಫೈಬ್ರೇಟ್ ದೊರೆಯಿತೆಂದು ಅದನ್ನು ತಾವಾಗಿಯೇ ಬಿಟ್ಟುಬಿಡುವುದು ಅವಿವೇಕ. ಟ್ರೈಗ್ಲಿಸರೈಡ್ 500 ಮಿಲಿಗ್ರಾಮನ್ನು ಮೀರಿ ಏರಿದಾಗ ಮೇದೋಜೀರಕ ಗ್ರಂಥಿಯು ಉರಿಯೂತಕ್ಕೆ ಈಡಾಗದಂತೆ ಕಾಪಾಡಲು ವೈದ್ಯರು ಫೈಬ್ರೇಟನ್ನು ಆಶ್ರಯಿಸುತ್ತಾರೆ. ಇವೆರಡನ್ನೂ ಒಟ್ಟಿಗೆ ಸೇವಿಸುವವರಲ್ಲಿ, ವಿಶೇಷವಾಗಿ ಜೆಮ್‌ಫೈಬ್ರೋಜಿಲ್ ಎಂಬ ಫೈಬ್ರೇಟನ್ನು ಸೇವಿಸುವವರಲ್ಲಿ, ಮಾಂಸಖಂಡಗಳಿಗೆ ಹಾನಿ ತಗಲುವ ಸಂಭವವಿದೆ. ದಿನವಿಡೀ ನಿಂತು ದುಡಿಯುವವರು ಮೈಕೈ ನೋವನ್ನು ದಣಿವೆಂದು ಬಗೆಯುವುದು ಸಹಜ. ಆದರೆ ನೋವಿನೊಡನೆ ಮೂತ್ರವು ಕಂದುಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣತಕ್ಕದ್ದು.