ಯಾವ ಬಸವಾಪಟ್ಟಣ?

ಲೋಕದಲ್ಲಿ ಕೆಲವು ವೃತ್ತಿಗಳು ನಮ್ಮ ಕಣ್ಣಿಗೆ ಬೀಳುವುದು ಕೆಲಸ ಕೆಟ್ಟಾಗ ಮಾತ್ರ. ಪಾರ್ಸಲು ಕಟ್ಟಿ ಕಳುಹಿಸುವವನ ವೃತ್ತಿ ಈ ವರ್ಗಕ್ಕೆ ಸೇರಿದ್ದು. ವಸ್ತು ಸುರಕ್ಷಿತವಾಗಿ ಸೇರಿತೋ, ಕಳುಹಿಸಿದವರಿಗಾಗಲಿ ಪಡೆದವರಿಗಾಗಲಿ ಅವನ ನೆನಪೇ ಆಗುವುದಿಲ್ಲ. ಸೇರಲಿಲ್ಲವೋ, ಇಬ್ಬರ ಬೈಗುಳಕ್ಕೂ ಅವನೊಬ್ಬನೇ ಗುರಿ. ಇಂಥದೊಂದು ಅಂಗಡಿ ಕತ್ತಲಗೆರೆಯಲ್ಲಿದೆ. ಸಂಜೆ ಕಾಲೇಜಿನಿಂದ ಬಂದು ಬಸ್ಸಿಳಿದವನು ಅಲ್ಲಿ ಅರ್ಧ ಗಂಟೆ ಕುಳಿತು ಮನೆಗೆ ಹೋಗುವುದು ನನಗೆ ಕೆಲವು ವರ್ಷಗಳ ಅಭ್ಯಾಸ. ಅಂಗಡಿಯಾತ ನನ್ನ ಹಳೆಯ ವಿದ್ಯಾರ್ಥಿ. ತರಗತಿಯಲ್ಲಿ ಅವನು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಈಗ ನಾನು ಅವನ ಅಂಗಡಿಯ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಕತ್ತಲಗೆರೆ ಚನ್ನಗಿರಿ ತಾಲ್ಲೂಕಿನ ಊರು. ಭದ್ರಾ ನಾಲೆಯ ನೀರು, ಬತ್ತದ ಗದ್ದೆ, ಅಡಕೆ ತೋಟ, ಒಂದು ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ: ಇವು ನಮ್ಮ ಸುತ್ತಿನ ಸಂಪತ್ತು. ಇಂಥ ಕಡೆ ಪಾರ್ಸಲಿನ ಅಂಗಡಿಗೆ ಏನು ಗಿರಾಕಿ ಎಂದು ಯಾರಾದರೂ ಕೇಳಬಹುದು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕುಳಿತರೆ ಉತ್ತರ ತಾನಾಗಿ ದೊರೆಯುತ್ತದೆ. ರಿಪೇರಿಗೆ ಹೋಗುವ ಫೋನು, ದೂರದ ವ್ಯಾಪಾರಿಗೆ ತೋರಿಸಬೇಕಾದ ಅಡಕೆಯ ಮಾದರಿ, ಫೋನಿನಲ್ಲಿ ನೋಡಿ ತರಿಸಿಕೊಂಡು ಮೈಗೆ ಹಿಡಿಸದೆ ಹಿಂದಿರುಗುವ ರವಿಕೆ, ಹಾಸ್ಟೆಲಿನ ಮಗಳಿಗೆ ಹಪ್ಪಳ, ಕಚೇರಿಗೊಂದು ಅರ್ಜಿ. ಊರು ಬಿಟ್ಟು ಹೋದ ಮಕ್ಕಳಿಗೂ ಊರಿನಲ್ಲುಳಿದ ತಂದೆತಾಯಿಗಳಿಗೂ ನಡುವಣ ದಾರಿ ಈ ಹತ್ತಡಿ ಅಗಲದ ಅಂಗಡಿಯ ಮೂಲಕ ಹಾದುಹೋಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಒಂದು ದಿನ ಅಜ್ಜಿಯೊಬ್ಬರು ಪುಣೆಯ ಮೊಮ್ಮಗನಿಗೆಂದು ದೊಡ್ಡ ರಟ್ಟಿನ ಪೆಟ್ಟಿಗೆಯ ತುಂಬ ಮಂಡಕ್ಕಿ ತಂದರು. ತಕ್ಕಡಿಯಲ್ಲಿ ಅದು ಐದು ಕಿಲೋ ದಾಟಲಿಲ್ಲ. ಆದರೆ ಕೊರಿಯರಿನವರಿಗೆ ಇನ್ನೊಂದು ತೂಕವುಂಟು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಅವರಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕ. ವಾಹನದಲ್ಲಿ ಜಾಗ ಹಿಡಿಯುವುದಕ್ಕೂ ಬೆಲೆ ತೆರಬೇಕಷ್ಟೆ. ಐವತ್ತು, ನಲವತ್ತು, ಮೂವತ್ತರ ಆ ಪೆಟ್ಟಿಗೆ ಹೀಗೆ 12 ಕಿಲೋ ಆಯಿತು. "ಗಾಳಿಗೂ ದುಡ್ಡು ತಗೊಳ್ತೀಯೇನಪ್ಪಾ?" ಎಂದರು ಅಜ್ಜಿ. ಅವನು ನಗಲಿಲ್ಲ. "ಅಜ್ಜಿ, ಮನೇಲಿ ಶೇಂಗಾ ಚಟ್ನಿಪುಡಿ ಐತೇನು? ಅದನ್ನ ತನ್ನಿ," ಎಂದು ಕಳುಹಿಸಿ ಸಣ್ಣದೊಂದು ಪೆಟ್ಟಿಗೆ ಹುಡುಕಿದ. ಚಟ್ನಿಪುಡಿಯ ಡಬ್ಬಿ ಮಧ್ಯದಲ್ಲಿ ಕುಳಿತಿತು. ಸುತ್ತಲಿನ ಸಂದುಗಳಿಗೆ ಹಳೆಯ ಪತ್ರಿಕೆಯ ಬದಲು ಮಂಡಕ್ಕಿಯ ಪುಟ್ಟ ಪೊಟ್ಟಣಗಳನ್ನೇ ತುರುಕಿದ. ಮಂಡಕ್ಕಿಯೂ ಹೋಯಿತು, ಡಬ್ಬಿಯೂ ಅಲುಗಾಡಲಿಲ್ಲ. ಅವನ ಸಂಪಾದನೆ ಮಾತ್ರ ಅಷ್ಟು ಕಡಿಮೆಯಾಯಿತು.

ಕಟ್ಟುವುದು ಒಂದು ವಿದ್ಯೆಯೆಂಬುದನ್ನು ನಾನು ಅಲ್ಲಿ ಕುಳಿತೇ ಕಲಿತೆ. ನನ್ನ ಬಾಲ್ಯದಲ್ಲಿ ಪಾರ್ಸಲನ್ನು ಬಿಳಿಯ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತುತ್ತಿದ್ದರು. ಅಡಕೆಯ ಚೀಲಕ್ಕೆ ದಬ್ಬಣ ಮತ್ತು ಸೆಣಬಿನ ಹುರಿ. ಇಂದು ಆ ಸ್ಥಾನದಲ್ಲಿ ರಟ್ಟು, ಟೇಪು, ಗುಳ್ಳೆಯ ಪ್ಲಾಸ್ಟಿಕ್ಕು ಬಂದಿವೆ. ಇವುಗಳ ಪೂರ್ವಕಥೆಯೂ ಸ್ವಾರಸ್ಯವಾಗಿದೆ. ಒಳಗೆ ಅಲೆಯಲೆಯಾಗಿ ಮಡಿಸಿದ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದದ್ದು ಉದ್ದನೆಯ ಟೋಪಿಗಳಿಗೆ ಒಳಪದರವಾಗಲೆಂದು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಗಾಜಿನ ಸೀಸೆಗಳಿಗೆ ಸುತ್ತಿದ. ಮಕ್ಕಳು ಚಟಪಟ ಒಡೆದು ಸಂತೋಷಪಡುವ ಆ ಗುಳ್ಳೆಯ ಹಾಳೆಯಾದರೋ 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಗೋಡೆಗೆ ಅಂಟಿಸುವ ಅಲಂಕಾರದ ಹಾಳೆ ಮಾಡಹೊರಟಾಗ ಹುಟ್ಟಿದ್ದು. ನನ್ನ ವಿದ್ಯಾರ್ಥಿಗೆ ಈ ಚರಿತ್ರೆ ಬೇಕಿಲ್ಲ. ಕಟ್ಟಿದ ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಒಮ್ಮೆ ಅಲುಗಿಸುತ್ತಾನೆ. ಒಳಗೆ ಸದ್ದಾದರೆ ಬಿಚ್ಚಿ ಮತ್ತೆ ಕಟ್ಟುತ್ತಾನೆ.

ಆದರೆ ಅವನ ನಿಜವಾದ ಕಷ್ಟ ಪೆಟ್ಟಿಗೆಯ ಒಳಗಿಲ್ಲ, ಮೇಲಿನ ವಿಳಾಸದಲ್ಲಿದೆ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟು ಹೊಸದಾದ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಜಗಳೂರು ಚಿತ್ರದುರ್ಗದಿಂದ ಬಂದಿತು. ನಮ್ಮ ಹಿರಿಯರ ಕೈ ಇಂದಿಗೂ ಹಳೆಯ ಜಿಲ್ಲೆಯನ್ನೇ ಬರೆಯುತ್ತದೆ. ಅವರನ್ನು ಆಕ್ಷೇಪಿಸುವಂತಿಲ್ಲ, ಪಿನ್‌ಕೋಡಿಗೂ ಅದೇ ನೆನಪು: ಚನ್ನಗಿರಿಯ 577213, ಹೊನ್ನಾಳಿಯ 577217 ಇವೆರಡೂ ಶಿವಮೊಗ್ಗದ 577201ರ ನೆಂಟರು, ಜಗಳೂರಿನ 577528 ಚಿತ್ರದುರ್ಗದ 577501ರ ಬಳಗ. ಈ ಆರಂಕಿಯ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಒಂದೇ ಹೆಸರಿನ ಹಲವು ಊರುಗಳು, ಹಲವು ಭಾಷೆಗಳು, ತಿಳಿಯದ ಕೈಬರಹ ಇವುಗಳ ತೊಡಕನ್ನು ಬಿಡಿಸಲು ಅದನ್ನು ರೂಪಿಸಿದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದಲ್ಲಿ ಕಾವ್ಯ, ನಾಟಕಗಳನ್ನು ರಚಿಸಿದ ಕವಿ. ಸಾಹಿತ್ಯದ ಅಧ್ಯಾಪಕನಾದ ನನಗೆ ಇದನ್ನು ತಿಳಿದಂದು ಕೊಂಚ ಹೆಮ್ಮೆಯಾಯಿತು. ಆ ಹೆಮ್ಮೆ ಬಹುಕಾಲ ಉಳಿಯಲಿಲ್ಲ.

ನಡೆದದ್ದು ಹೀಗೆ. ನನ್ನಲ್ಲಿ ಓದಿದ ಹುಡುಗಿಯೊಬ್ಬಳು ತನ್ನ ಮೂಲ ಅಂಕಪಟ್ಟಿಗಳನ್ನು ನನ್ನ ಬೀರುವಿನಲ್ಲಿ ಇರಿಸಿದ್ದಳು. ಅವಳದು ತಂದೆಯಿಲ್ಲದ ಮನೆ, ಮಳೆ ಬಂದರೆ ಸೋರುವ ಮಾಡು. ಅವಳು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಬಸವಾಪಟ್ಟಣದಲ್ಲಿ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಸರ್ಕಾರಿ ನೌಕರಿಯೊಂದಕ್ಕೆ ಮೂಲ ದಾಖಲೆಗಳನ್ನು ತೋರಿಸಲು ಕರೆ ಬಂದಿತು. ಉಳಿದದ್ದು ಐದು ದಿನ. ಅವಳು ಫೋನಿನಲ್ಲಿ ಹೇಳಿದ ವಿಳಾಸವನ್ನು ಬರೆದುಕೊಂಡು ನಾನು ಅಂಗಡಿಗೆ ಓಡಿದೆ. ಲಕೋಟೆಯನ್ನು ತೆಗೆದುಕೊಂಡವನು ತೂಕಕ್ಕಿಡದೆ ನನ್ನ ಮುಖ ನೋಡಿದ.

"ಸರ್, ಯಾವ ಬಸವಾಪಟ್ಟಣ?"

"ಅರಕಲಗೂಡಿನ ಕಡೆಯದಪ್ಪ. ಯಾಕೆ?"

"ನೀವು ಹಾಕಿರೋ ನಂಬರು ಚನ್ನಗಿರೀದು."

ಕತ್ತಲಗೆರೆಯವರಿಗೆ ಬಸವಾಪಟ್ಟಣವೆಂದರೆ ನೆರೆಯ ಬಸವಾಪಟ್ಟಣವೇ. ತಾಲ್ಲೂಕು, ಜಿಲ್ಲೆಗಳ ಹೆಸರನ್ನು ಬಿಟ್ಟು, ಕೈಯ ಅಭ್ಯಾಸಬಲದಿಂದ ನಮ್ಮದೇ ತಾಲ್ಲೂಕಿನ ಅಂಕಿಯನ್ನು ನಾನು ಬರೆದಿದ್ದೆ. ಅವಳ ಇಷ್ಟು ವರ್ಷದ ಓದು ಚನ್ನಗಿರಿಯಲ್ಲಿ ಹೋಗಿ ಕೂರುವುದರಲ್ಲಿತ್ತು. ಅವನು ಹುಡುಗಿಗೆ ಫೋನು ಮಾಡಿ, ಒಂದೊಂದು ಅಂಕಿಯನ್ನೂ ಎರಡು ಬಾರಿ ಹೇಳಿಸಿ, ನನ್ನ ಕೈಯಿಂದಲೇ ಬೇರೆ ಲಕೋಟೆ ಬರೆಸಿದ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಡಿಕೆಯಾಗದಂತೆ ಎರಡು ರಟ್ಟುಗಳ ನಡುವೆ ಇಟ್ಟ. ನಾನು ಬೆವರು ಒರೆಸಿಕೊಳ್ಳುತ್ತಿದ್ದಾಗ ತಾನಾಗಿ ಹೇಳಿದ: "ಅಂಗಡಿ ಹಾಕಿದ ವರ್ಷ ಒಂದಂಕಿ ತಪ್ಪಿ ಒಬ್ಬ ಹುಡುಗನ ಕವರು ಎಲ್ಲೆಲ್ಲೋ ತಿರುಗಿ ವಾಪಸ್ಸು ಬಂತು ಸರ್. ಅಷ್ಟೊತ್ತಿಗೆ ಅವನ ಇಂಟರ್‌ವ್ಯೂ ಮುಗಿದುಹೋಗಿತ್ತು. ರಶೀದಿ ಹಿಂದೆ ನಮ್ಮ ಜವಾಬ್ದಾರಿ ಎಷ್ಟು ಅಂತ ಸಣ್ಣಕ್ಷರದಲ್ಲಿ ಇರುತ್ತಲ್ಲ, ಅದನ್ನ ಅವನಿಗೆ ತೋರಿಸೋಕೆ ಮನಸ್ಸಾಗಲಿಲ್ಲ. ಅವನು ನನ್ನನ್ನ ಬೈಯಲೂ ಇಲ್ಲ. ಬೈದಿದ್ದರೆ ಮರೆತುಬಿಡ್ತಿದ್ದೆ."

ಮೂರನೆಯ ದಿನ ಹುಡುಗಿಯ ಫೋನು ಬಂದಿತು. "ಎಲ್ಲಾ ಬಂತು ಸರ್. ಎಷ್ಟು ಜೋಪಾನವಾಗಿ ಕಟ್ಟಿದ್ದೀರಿ!" ಕಟ್ಟಿದವನು ನಾನಲ್ಲವೆಂದೂ, ನಾನು ಬರೆದ ಲಕೋಟೆ ಹೋಗಿದ್ದರೆ ಏನಾಗುತ್ತಿತ್ತೆಂದೂ ಅವಳಿಗೆ ವಿವರವಾಗಿ ಹೇಳಿದೆ. ಆ ಸಂಜೆ ಅವನಿಗೂ ಸುದ್ದಿ ತಿಳಿಸೋಣವೆಂದು ಅಂಗಡಿಗೆ ಹೋದೆ. ಕೈಯಲ್ಲಿ ಟೇಪು ಹಿಡಿದು ಅವನು ಒಬ್ಬ ಮುದುಕರನ್ನು ಕೇಳುತ್ತಿದ್ದ: "ಅಜ್ಜಾರೆ, ಊರು ಸರಿ. ಯಾವ ತಾಲ್ಲೂಕು?"

ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವನ ಕೆಲಸ ಮುಗಿಯಲೆಂದು ಕಾದೆ.